ಸರಾಸರಿ 52% ನೋಡಿ ನೆಮ್ಮದಿಯಾಗಿದ್ದೆವು, ಒಳಗೆ ಮೂರು ಸರ್ವರ್ ಏದುಸಿರು ಬಿಡುತ್ತಿದ್ದವು

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಸಪೋರ್ಟ್ ಹುಡುಗನ ಫೋನ್. "ಸರ್, ಗಾಡಿಗಳೆಲ್ಲ ಅತ್ತಿಬೆಲೆ ಟೋಲ್ ಹತ್ರಾನೇ ನಿಂತುಬಿಟ್ಟಿವೆ. ಡ್ರೈವರ್‌ಗೆ ಫೋನ್ ಮಾಡಿದ್ರೆ ಕೃಷ್ಣಗಿರಿ ದಾಟಿದೀನಿ ಅಂತಾನೆ." ಗಾಡಿ ಓಡುತ್ತಲೇ ಇತ್ತು. ನಿಂತಿದ್ದು ನಮ್ಮ ಮ್ಯಾಪ್.

ಲಾರಿ ಮಾಲೀಕರಿಗೆ ಅವರ ಗಾಡಿ ಎಲ್ಲಿದೆ ಅಂತ ತೋರಿಸುವುದು ನಮ್ಮ ಕೆಲಸ. ಪ್ರತಿ ಗಾಡಿಯಿಂದ 30 ಸೆಕೆಂಡಿಗೊಂದು ಸಾಲು ಬರುತ್ತದೆ. ಎಲ್ಲವೂ ಕ್ಯಾಸಾಂಡ್ರಾದಲ್ಲಿ, ಅಂದರೆ ಡೇಟಾವನ್ನು ಹಲವು ಸರ್ವರ್ ಮೇಲೆ ಹಂಚಿಡುವ ಡೇಟಾಬೇಸ್‌ನಲ್ಲಿ. ಆರು ಸರ್ವರ್, ಪ್ರತಿ ಸಾಲಿಗೆ ಮೂರು ಪ್ರತಿ. ಒಂದೇ ಕೀ ಇರುವ ಸಾಲುಗಳೆಲ್ಲ ಒಂದೇ ಗುಂಪಾಗಿ, ಅಂದರೆ ಒಂದೇ ಪಾರ್ಟಿಷನ್ ಆಗಿ, ಒಟ್ಟಿಗೇ ಕೂರುತ್ತವೆ. ನಮ್ಮ ಪಾರ್ಟಿಷನ್ ಕೀ ಮಾಲೀಕರ ಐಡಿ ಮತ್ತು ತಿಂಗಳು. ಆ ಕೀ ಆರಿಸಿದವನು ನಾನೇ, ಹಾಗಾಗಿ ಇಲ್ಲಿ ಬೇರೆ ಯಾರನ್ನೂ ಬೈಯಲು ಜಾಗವಿಲ್ಲ.

ಮೊದಮೊದಲು ಚೆನ್ನಾಗಿಯೇ ಇತ್ತು. ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನರದ್ದು ಹತ್ತು ಗಾಡಿ. ಸಾಲಿಗೆ 100 ಬೈಟ್ ಹಿಡಿದರೆ ತಿಂಗಳಿಗೆ ಸುಮಾರು 86 ಎಂಬಿ. ಒಂದು ಪಾರ್ಟಿಷನ್ 100 ಎಂಬಿ ಒಳಗಿರಲಿ ಅನ್ನುವುದು ಕ್ಯಾಸಾಂಡ್ರಾ ಬಳಸುವವರ ವಾಡಿಕೆ ಮಾತು. ನಾವು ಗೆರೆಯ ಒಳಗೇ ಇದ್ದೆವು. ಆಮೇಲೆ 2,400 ಗಾಡಿಯ ದೊಡ್ಡ ಗಿರಾಕಿ ಸಿಕ್ಕರು. ಆಫೀಸಿನಲ್ಲಿ ಮೈಸೂರುಪಾಕ್ ಹಂಚಿದೆವು. ದಿನಕ್ಕೆ 69 ಲಕ್ಷ ಸಾಲು, ತಿಂಗಳಿಗೆ 20 ಜಿಬಿ, ಎಲ್ಲ ಒಂದೇ ಪಾರ್ಟಿಷನ್‌ಗೆ! ಎರಡು ನಿಮಿಷದ ಲೆಕ್ಕ ಇದು. ಕೂತು ಮಾಡಲು ಯಾರಿಗೂ ತೋಚಲಿಲ್ಲ.

"ಹ್ಯಾಶ್ ಇದೆಯಲ್ಲ, ಅದೇ ಸಮನಾಗಿ ಹಂಚುತ್ತೆ" ಅನ್ನುವ ಧೈರ್ಯ ನಮ್ಮದು. ಹ್ಯಾಶ್ ಅಂದರೆ ಕೀಯಿಂದ ಒಂದು ಸಂಖ್ಯೆ ಮಾಡಿ, ಆ ಪಾರ್ಟಿಷನ್ ಯಾವ ಸರ್ವರ್‌ಗೆ ಅಂತ ತೀರ್ಮಾನಿಸುವ ಲೆಕ್ಕ. ಮದುವೆ ಮನೆಯ ಊಟ ನೆನೆಸಿಕೊಳ್ಳಿ. ಆರು ಪಂಕ್ತಿ, ಆರು ಜನ ಬಡಿಸುವವರು. ಒಂದು ಮನೆತನದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರಬೇಕು ಅಂತ ನಿಯಮ. ಯಾವ ಮನೆತನ ಯಾವ ಪಂಕ್ತಿಗೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೀರಿ. ಪ್ರತಿ ಮನೆಯಿಂದ ನಾಲ್ಕೈದು ಜನ ಬಂದರೆ ಸರಿಯಾಗಿಯೇ ಹಂಚಿಕೆಯಾಗುತ್ತದೆ. ಒಂದು ಮನೆತನದವರು ಊರಿಗೆ ಊರನ್ನೇ ಕರೆದುಕೊಂಡು ಬಂದರೆ? ಆ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದವನ ಕೈ ಬಿದ್ದುಹೋಗುತ್ತದೆ, ಪಕ್ಕದ ಪಂಕ್ತಿಯವನು ಎಲೆ ಅಡಿಕೆ ಹಾಕಿಕೊಂಡು ನಿಂತಿರುತ್ತಾನೆ. ಹ್ಯಾಶ್ ಹಂಚುವುದು ಮನೆತನಗಳನ್ನು. ಒಂದೊಂದರಲ್ಲಿ ಎಷ್ಟು ತಲೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಆ ರಾತ್ರಿ ಲ್ಯಾಪ್‌ಟಾಪ್ ತೆರೆದಾಗ ಡ್ಯಾಶ್‌ಬೋರ್ಡ್ ತೋರಿಸಿದ್ದು ಸರಾಸರಿ ಸಿಪಿಯು 52%. ಇನ್ನೂ ಅರ್ಧ ಖಾಲಿ ಇದೆಯಲ್ಲ ಅಂದುಕೊಂಡು ಒಂದು ಗಂಟೆ ನೆಟ್‌ವರ್ಕ್ ಹುಡುಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ ಒಂದೊಂದೇ ಸರ್ವರ್ ತೆರೆದು ನೋಡಿದರೆ 92, 90, 94. ಉಳಿದ ಮೂರರಲ್ಲಿ 12, 14, 10. ಇದರ ಸರಾಸರಿ 52 ಬರದೆ ಇನ್ನೇನು ಬರುತ್ತೆ?

ಮುಂದೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಏದುಸಿರು ಬಿಡುತ್ತಿದ್ದ ಒಂದು ಸರ್ವರ್ ರೀಸ್ಟಾರ್ಟ್ ಮಾಡಿದೆ. ಒಂದು ಸರ್ವರ್ ಇಲ್ಲದಾಗ ಅದಕ್ಕೆ ಸೇರಬೇಕಾದ ಬರಹಗಳನ್ನು ಉಳಿದವು ಹಿಂಟ್ ಅಂತ ಎತ್ತಿಟ್ಟುಕೊಳ್ಳುತ್ತವೆ, ಡಿಫಾಲ್ಟ್ ಆಗಿ 3 ಗಂಟೆವರೆಗೆ. ಅದು ಎದ್ದ ಕೂಡಲೇ ಎಲ್ಲವನ್ನೂ ಅದರ ಮೇಲೆ ಸುರಿಯುತ್ತವೆ. ಎದ್ದು ಕೂತವನ ತಲೆ ಮೇಲೆ ಮತ್ತೆ ಮೂಟೆ. ಐದು ನಿಮಿಷದಲ್ಲಿ ಮತ್ತೆ ಮಲಗಿತು.

ಮಾರನೇ ದಿನ ಎರಡು ಹೊಸ ಸರ್ವರ್ ತರಿಸಿದೆವು. ಪ್ರಯೋಜನವಾಗಲಿಲ್ಲ. ಒಂದು ಪಾರ್ಟಿಷನ್ನನ್ನು ಕ್ಯಾಸಾಂಡ್ರಾ ಎರಡಾಗಿ ಸೀಳುವುದಿಲ್ಲ. ಎಷ್ಟೇ ಸರ್ವರ್ ಸೇರಿಸಿದರೂ ಆ ಗಿರಾಕಿಯ ಆ ತಿಂಗಳು ಮೂರೇ ಸರ್ವರ್ ಮೇಲೆ ಕೂರುತ್ತದೆ. ಸಾಲದ್ದಕ್ಕೆ ಹೊಸಬರಿಗೆ ಡೇಟಾ ಕೊಡುವ ಕೆಲಸವೂ ಇದ್ದವರ ತಲೆಗೇ ಬಂತು. ತಿಂಗಳ ಕೊನೆವರೆಗೂ ಗಿರಾಕಿಯಿಂದ ಬೈಸಿಕೊಂಡು ಹೇಗೋ ತಳ್ಳಿದೆವು.

1ನೇ ತಾರೀಖು ಎಲ್ಲ ತಣ್ಣಗಾಯಿತು! ಹೊಸ ಸರ್ವರ್ ಕೆಲಸ ಮಾಡಿತು ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಆ ಮೇಲ್ ನೆನೆದರೆ ಈಗಲೂ ನಾಚಿಕೆ. ಆಗಿದ್ದಿಷ್ಟೇ: ತಿಂಗಳು ಬದಲಾಯಿತು, ಕೀ ಬದಲಾಯಿತು, ಪಾರ್ಟಿಷನ್ ಸೊನ್ನೆಯಿಂದ ಶುರುವಾಯಿತು. 17ಕ್ಕೆ ಮತ್ತೆ ಫೋನ್ ಬಂತು. ಈ ಸಲ ಒದ್ದಾಡುತ್ತಿದ್ದದ್ದು ಬೇರೆಯೇ ಮೂರು ಸರ್ವರ್.

ಆಗ ಬುದ್ಧಿ ಬಂದು, ಹೆಚ್ಚು ಓದು-ಬರಹ ಬೀಳುತ್ತಿರುವ ಪಾರ್ಟಿಷನ್‌ಗಳನ್ನು ಪಟ್ಟಿ ಮಾಡುವ ಕ್ಯಾಸಾಂಡ್ರಾದ ಕಮಾಂಡ್, ನೋಡ್‌ಟೂಲ್‌ನ ಟಾಪ್‌ಪಾರ್ಟಿಷನ್ಸ್ ಓಡಿಸಿದೆ. ಪಟ್ಟಿಯ ತುದಿಯಲ್ಲಿ ಅದೇ ಐಡಿ, ಅದರ ಮುಂದೆ ಉಳಿದವೆಲ್ಲ ಸಾಸಿವೆ ಕಾಳು. ಟೇಬಲ್‌ಹಿಸ್ಟೋಗ್ರಾಮ್ಸ್ ಕೂಡ ನೋಡಿ, ಅದು ಪಾರ್ಟಿಷನ್‌ಗಳ ಗಾತ್ರವನ್ನು ಗರಿಷ್ಠದವರೆಗೆ ತೋರಿಸುತ್ತದೆ. ನಡುವಿನ ಅಂಕಿ ಬಿಟ್ಟು ಕೊನೆಯ ಸಾಲು ಓದಿ. ಹೊಟ್ಟೆ ಉರಿಸಿದ್ದು ಲಾಗ್. ಪಾರ್ಟಿಷನ್ ದೊಡ್ಡದಾಗುತ್ತಿದೆ ಅಂತ ಕ್ಯಾಸಾಂಡ್ರಾ ಎಚ್ಚರಿಕೆ ಬರೆದಿತ್ತು, ಆ ಗಿರಾಕಿ ಸೇರಿದ ಮೊದಲ ದಿನವೇ. ಎಚ್ಚರಿಕೆ ಮಟ್ಟದ ಸಾಲುಗಳನ್ನು ನಾವು ಸುಮ್ನೆ ಗಲಾಟೆ ಅಂತ ಫಿಲ್ಟರ್ ಮಾಡಿಟ್ಟಿದ್ದೆವು.

ಬೇರೆ ಡೇಟಾಬೇಸ್ ಬಳಸುವವರೂ ನಗಬೇಡಿ. ಎಚ್‌ಬೇಸ್‌ನಲ್ಲಿ ಟೈಮ್‌ಸ್ಟ್ಯಾಂಪ್‌ನಿಂದ ಶುರುವಾಗುವ ಕೀ ಇಟ್ಟರೆ ಹೊಸ ಬರಹವೆಲ್ಲ ಡೇಟಾದ ಕೊನೆಯ ತುಂಡಿಗೆ, ಅಂದರೆ ಕೊನೆಯ ರೀಜನ್‌ಗೇ ಹೋಗುತ್ತದೆ. ಮೊಂಗೋಡಿಬಿಯಲ್ಲಿ ಏರುತ್ತಲೇ ಹೋಗುವ ಶಾರ್ಡ್ ಕೀಯನ್ನು (ಡೇಟಾ ಹಂಚಲು ಬಳಸುವ ಕೀ) ಹ್ಯಾಶ್ ಇಲ್ಲದೆ ಇಟ್ಟರೂ ಅದೇ ಕಥೆ. ಡೈನಮೋಡಿಬಿಯಲ್ಲಿ ಟೇಬಲ್‌ಗೆ ಎಷ್ಟೇ ಸಾಮರ್ಥ್ಯ ಕೊಂಡರೂ ಒಂದು ಪಾರ್ಟಿಷನ್‌ಗೆ ಸೆಕೆಂಡಿಗೆ 1,000 ಬರೆಯುವ, 3,000 ಓದುವ ಯೂನಿಟ್ ಮಿತಿ.

ಕೀಯನ್ನು ಗಾಡಿಯ ಐಡಿ ಮತ್ತು ದಿನ ಅಂತ ಮಾಡಿದೆವು. ಒಂದು ಪಾರ್ಟಿಷನ್‌ಗೆ 2,880 ಸಾಲು, ಮಾಲೀಕರು ಎಷ್ಟೇ ದೊಡ್ಡವರಾಗಲಿ. ಇದ್ದ ಟೇಬಲ್‌ನ ಪ್ರೈಮರಿ ಕೀ ಬದಲಾಯಿಸಲು ಕ್ಯಾಸಾಂಡ್ರಾ ಬಿಡುವುದಿಲ್ಲ. ಹೊಸ ಟೇಬಲ್ ಮಾಡಿ, ಎರಡಕ್ಕೂ ಬರೆಯುತ್ತಾ, ಹಳೆಯ ಸಾಲುಗಳನ್ನು ನಿಧಾನಕ್ಕೆ ಹೊಸದಕ್ಕೆ ತುಂಬಿದೆವು. ಮೂರು ವಾರ ಹಿಡಿಯಿತು.

ಇಲ್ಲೂ ಒಂದು ಹಳ್ಳವಿದೆ. ಮ್ಯಾಪ್‌ಗೆ ಎಲ್ಲ ಗಾಡಿಗಳ ಈಗಿನ ಜಾಗ ಒಟ್ಟಿಗೆ ಬೇಕು. ಅದಕ್ಕೆ ಬೇರೆ ಚಿಕ್ಕ ಟೇಬಲ್ ಮಾಡಿ, ಅಭ್ಯಾಸಬಲದಿಂದ ಮತ್ತೆ ಮಾಲೀಕರ ಐಡಿಯನ್ನೇ ಕೀ ಮಾಡಿಬಿಟ್ಟಿದ್ದೆ. ಗಾತ್ರ ಚಿಕ್ಕದು ನಿಜ, ಆದರೆ ಸೆಕೆಂಡಿಗೆ 80 ಬರಹ, ಜೊತೆಗೆ ಮ್ಯಾಪ್ ತೆರೆದು ಕೂತವರ ಓದು, ಎಲ್ಲ ಅದೇ ಪಾರ್ಟಿಷನ್‌ಗೆ. ಕೋಡ್ ನೋಡುತ್ತಿದ್ದ ಕಿರಿಯ ಸಹೋದ್ಯೋಗಿ "ಸರ್, ಇದು ಹಳೇದೇ ಅಲ್ವಾ?" ಅಂದಳು. ಈಗ ಐಡಿ ಜೊತೆ 0ರಿಂದ 15ರವರೆಗೆ ಒಂದು ಅಂಕಿ ಸೇರಿಸಿ ಹದಿನಾರು ಭಾಗ ಮಾಡಿದ್ದೇವೆ. ಮ್ಯಾಪ್ ತೆರೆದಾಗಲೆಲ್ಲ ಹದಿನಾರು ಕ್ವೆರಿ ಹೋಗುತ್ತದೆ, ಹತ್ತು ಗಾಡಿಯ ಮಾಲೀಕರಿಗೂ.