ಅತ್ತೆ ಮನೆಯ ವಂಶ ಹುಡುಕಿದ್ದು: ಐರ್ಲೆಂಡಿನ ಹಳೇ ದಾಖಲೆಗಳ ಸೈಟುಗಳು, ನಾಲ್ಕು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಐರ್ಲೆಂಡಿನ ಮನೆತನ ಹುಡುಕಲು ಕೂತವರು ಮೊದಲ ದಿನವೇ ಕಾರ್ಡ್ ತೆಗೆದು ದುಡ್ಡು ಕಟ್ಟಬೇಡಿ. ನಾನು ಕಟ್ಟಿದೆ, ಆಫರ್ ಇದೆ ಅಂತ ಒಂದು ವರ್ಷದ್ದು. ವರ್ಷ ಮುಗಿದ ದಿನ ಆಫರ್ ಇಲ್ಲದ ಪೂರ್ತಿ ರೇಟು ಖಾತೆಯಿಂದ ಹೋಗಿತ್ತು, ನನ್ನನ್ನು ಒಂದು ಮಾತು ಕೇಳದೆ. ಆ ಸೈಟಿನ ಹೆಸರು ಬೇಡ, ಜಗಳ ಮುಗಿದಿದೆ, ಅರ್ಧ ದುಡ್ಡು ವಾಪಸ್ ಬಂತು. ಆದರೆ ನನಗೆ ಬೇಕಾಗಿದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ಪುಕ್ಕಟೆ ಸೈಟುಗಳಲ್ಲಿ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಕಡೆಯವಳು, ಈಗ ಇರುವುದು ಲಿಮೆರಿಕ್‌ನಲ್ಲಿ. ಗಂಡನ ತಾಯಿಯ ತವರು ಪಕ್ಕದ ಕ್ಲೇರ್ ಕೌಂಟಿ, ಕಿಲ್‌ರಷ್ ಹತ್ತಿರ. ಮಗಳಿಗೆ ಸ್ಕೂಲಿನಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದರು. ನನ್ನ ಕಡೆಯದು ಒಂದೇ ಫೋನಿನಲ್ಲಿ ಮುಗಿಯಿತು. ನಮ್ಮ ಅಜ್ಜಿ ಇದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ, ಜಗುಲಿ ಮೇಲೆ ಕೂತು ಯಾರಿಗೆ ಯಾರು ಹುಟ್ಟಿದರು, ಯಾವ ಊರಿಂದ ಹೆಣ್ಣು ತಂದರು ಅಂತ ಪೂರ್ತಿ ಹೇಳಿ ರಾಗಿ ಹಾಕಿಸಿಕೊಂಡು ಹೋಗುತ್ತಿದ್ದ, ಅಮ್ಮ ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾಳೆ. ಐದು ತಲೆಮಾರು ಗಡಗಡ ಹೇಳಿದಳು. ಅತ್ತೆಯನ್ನು ಕೇಳಿದರೆ ತಮ್ಮ ಅಜ್ಜನ ಹೆಸರು ಹೇಳಿ ಸುಮ್ಮನಾದರು. ಇಲ್ಲಿ ಸೊಸೆಯರು ಅತ್ತೆಯನ್ನು ಹೆಸರು ಹಿಡಿದೇ ಕರೆಯುವುದು, ನನಗೆ ಇವತ್ತಿಗೂ ಬಾಯಿ ಬರಲ್ಲ, ಅದು ಬೇರೆ ವಿಷಯ.

ಆ ಅಜ್ಜನನ್ನು ಮೈಕೆಲ್ ಅಂತ ಇಟ್ಟುಕೊಳ್ಳಿ. ಮನೆತನದ ಹೆಸರು ಬರೆಯಲ್ಲ. ದುಡ್ಡು ಕಟ್ಟಿದ ಸೈಟಿನಲ್ಲಿ ಈ ಎರಡು ಹೆಸರು ಹೊಡೆದರೆ ನೂರಾರು ಮೈಕೆಲ್‌ಗಳು ಸಾಲಾಗಿ ಬಂದರು, ಅದರಲ್ಲಿ ಅರ್ಧ ಜನ ಅಮೆರಿಕದವರು. ಯಾರದೋ ವಂಶವೃಕ್ಷವನ್ನು ಅದೇ ಮುಂದೆ ತಂದಿಟ್ಟು ಇದು ನಿಮ್ಮದೇ ಇರಬಹುದು ಅನ್ನುತ್ತದೆ. ನಾನೂ ನಂಬಿ ಎರಡು ತಿಂಗಳು ಬೇರೆ ಯಾರದೋ ಮುತ್ತಜ್ಜನ ಹಿಂದೆ ಓಡಾಡಿದೆ.

ತಪ್ಪಾಗಿದ್ದು ಎಲ್ಲಿ ಅಂದರೆ, ಇಲ್ಲಿ ಹೆಸರಿಗಿಂತ ಊರು ಮುಖ್ಯ. ಊರು ಅಂದರೆ ಟೌನ್‌ಲ್ಯಾಂಡ್. ನಮ್ಮ ಮಜರೆ ಹಳ್ಳಿಗಿಂತಲೂ ಚಿಕ್ಕದು, ಕೆಲವು ಕಡೆ ನಾಲ್ಕೈದು ಮನೆ ಅಷ್ಟೇ. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಒಂದೇ ಹೆಸರಿನವು ಬೇರೆ ಬೇರೆ ಕೌಂಟಿಗಳಲ್ಲಿ ಇರುತ್ತವೆ, ಸ್ಪೆಲಿಂಗ್ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಲೋಗೈನಮ್ ಅನ್ನುವ ಸ್ಥಳನಾಮಗಳ ಸೈಟು ಒಂದಿದೆ, ಅದನ್ನು ಪಕ್ಕದ ಟ್ಯಾಬಿನಲ್ಲಿ ತೆರೆದಿಟ್ಟುಕೊಳ್ಳದೆ ನಾನು ಈಗ ಏನೂ ಹುಡುಕುವುದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮೊದಲ ಬಾಗಿಲು ನ್ಯಾಷನಲ್ ಆರ್ಕೈವ್ಸ್‌ನ ಜನಗಣತಿ ಸೈಟು. 1901 ಮತ್ತು 1911ರದ್ದು ಪೂರ್ತಿ ಪುಕ್ಕಟೆ, ಮನೆಯವರು ಆವತ್ತು ತುಂಬಿದ ಫಾರಂ ಸಮೇತ ನೋಡಬಹುದು. ಅತ್ತೆಗೆ ತಮ್ಮ ಅಪ್ಪನ ಅಣ್ಣತಮ್ಮಂದಿರ ಹೆಸರು ಗೊತ್ತಿತ್ತು. ಆ ಮಕ್ಕಳು ಒಟ್ಟಿಗೆ ಇರುವ ಮನೆ ಯಾವುದು ಅಂತ 1911ರಲ್ಲಿ ನೋಡಿದೆ, ಒಂದೇ ಒಂದು ಮನೆ ಹೊಂದಿತು. ಊರಿನ ಹೆಸರೂ ಸಿಕ್ಕಿತು. ಎರಡು ವರ್ಷ ಆಗದೇ ಇದ್ದ ಕೆಲಸ, ಒಂದು ಭಾನುವಾರ ಮಧ್ಯಾಹ್ನ ಆಯಿತು.

ಆ ಫಾರಂ ಓದುವುದೇ ಒಂದು ಮಜಾ. ಯಾರಿಗೆ ಓದಲು ಬರುತ್ತದೆ, ಯಾರಿಗೆ ಐರಿಶ್ ಬರುತ್ತದೆ, ಎಲ್ಲ ಇದೆ. ಮನೆಯದ್ದೇ ಬೇರೆ ಹಾಳೆ, ಗೋಡೆ ಎಂಥದ್ದು, ಮುಂದೆ ಎಷ್ಟು ಕಿಟಕಿ ಅಂತ. ಹಿತ್ತಲಿಗೆ ಇನ್ನೊಂದು, ದನದ ಕೊಟ್ಟಿಗೆ ಇದೆಯಾ, ಹಂದಿ ಗೂಡು ಇದೆಯಾ. 1911ರಲ್ಲಿ ಮದುವೆಯಾದ ಹೆಂಗಸರಿಗೆ ಇನ್ನೂ ಒಂದು ಪ್ರಶ್ನೆ ಇತ್ತು, ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದಿವೆ. ಮೈಕೆಲ್‌ನ ಹೆಂಡತಿ ಸಾಲಿನಲ್ಲಿ 9, ಪಕ್ಕದಲ್ಲಿ 6. ಅತ್ತೆಗೆ ಆರು ಮಕ್ಕಳಷ್ಟೇ ಗೊತ್ತಿತ್ತು.

ಇನ್ನು ವಯಸ್ಸಿನ ಕಥೆ. ಅದೇ ಮನೆಯಲ್ಲಿ ಮೈಕೆಲ್‌ನ ತಾಯಿಯೂ ಇದ್ದಾಳೆ, ವಿಧವೆ. 1901ರಲ್ಲಿ ಆಕೆಗೆ 58. 1911ರಲ್ಲಿ 71! ಹತ್ತು ವರ್ಷದಲ್ಲಿ ಹದಿಮೂರು ವರ್ಷ ಮುದುಕಿಯಾಗಿದ್ದಾಳೆ. ಬೇರೆ ಮನೆ ಸೇರಿಬಿಟ್ಟೆನೇನೋ ಅಂತ ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ಇದು ಐರ್ಲೆಂಡಿನ ತುಂಬ ಹಾಗೇ. 1909ರ ಜನವರಿಯಿಂದ 70 ದಾಟಿದವರಿಗೆ ವಾರಕ್ಕೆ 5 ಶಿಲ್ಲಿಂಗ್ ತನಕ ವೃದ್ಧಾಪ್ಯ ಪಿಂಚಣಿ ಶುರುವಾಯಿತು. ಎಲ್ಲರ ಜನನವನ್ನೂ ಸರ್ಕಾರ ನೋಂದಾಯಿಸಲು ಶುರು ಮಾಡಿದ್ದು 1864ರಲ್ಲಿ, ಹಾಗಾಗಿ ಆ ಮುದುಕರ ಹತ್ತಿರ ಜನನ ಪತ್ರ ಎಲ್ಲಿಂದ ಬರಬೇಕು? 1839ರ ಜನವರಿ 6ರ ರಾತ್ರಿ ದೊಡ್ಡ ಬಿರುಗಾಳಿ ಬೀಸಿತ್ತು, ಅದು ನೆನಪಿದೆ ಅಂದರೆ ವಯಸ್ಸಾಗಿದೆ ಅಂತ ಲೆಕ್ಕ. ನಮ್ಮಲ್ಲಿ ಪ್ಲೇಗ್ ಬಂದ ವರ್ಷ ಹುಟ್ಟಿದ್ದು ಅನ್ನುವುದಿಲ್ಲವೇ, ಅದೇ ತರಹ. ಎಷ್ಟು ಜನಕ್ಕೆ ಆ ಗಾಳಿ ನಿಜವಾಗಿ ನೆನಪಿತ್ತೋ ದೇವರಿಗೇ ಗೊತ್ತು. ಮೈಕೆಲ್‌ನ ತಾಯಿ ಈ ಅಜ್ಜಿಗಂತೂ ನೆನಪಿರಲು ಸಾಧ್ಯವಿಲ್ಲ, 71 ಅಂತ ಒಪ್ಪಿಕೊಂಡರೂ ಆಕೆ ಹುಟ್ಟಿದ್ದೇ ಗಾಳಿ ಬೀಸಿದ ಮೇಲೆ.

ಉಳಿಯದ ಮೂರು ಮಕ್ಕಳನ್ನು ಹುಡುಕಲು ಹೋಗಿದ್ದು ಐರಿಶ್‌ಜೀನಿಯಾಲಜಿ ಡಾಟ್ ಐಇ ಅನ್ನುವ ಸರ್ಕಾರಿ ಸೈಟಿಗೆ. ನಾನು ಅತಿ ಹೆಚ್ಚು ಬಳಸಿದ್ದು ಇದನ್ನೇ, ಐದಕ್ಕೆ ಐದು ಕೊಡಲೂ ಅಡ್ಡಿಯಿಲ್ಲ. ಜನನ 100 ವರ್ಷ ಹಳೆಯದು, ಮದುವೆ 75, ಸಾವು 50 ವರ್ಷ ಹಳೆಯದಾದರೆ ರಿಜಿಸ್ಟರಿನ ಪುಟವನ್ನೇ ತೋರಿಸುತ್ತಾರೆ. ಹುಡುಕುವಾಗ ನೋಂದಣಿ ಜಿಲ್ಲೆ ಹಾಕಿದರೆ ಒಳ್ಳೆಯದು, ನಮಗೆ ಕಿಲ್‌ರಷ್. ಪುಟ ಡೌನ್‌ಲೋಡ್ ಮಾಡಿಕೊಳ್ಳಬಹುದು, ದುಡ್ಡಿಲ್ಲ. ಅಜ್ಜಿ ತಾತ ಇಲ್ಲಿ ಹುಟ್ಟಿದವರು ಅಂತ ಪಾಸ್‌ಪೋರ್ಟಿಗೆ ಓಡಾಡುವವರಿಗೆ ಮಾತ್ರ ಈ ಪುಟ ನಡೆಯಲ್ಲ, ಅಸಲು ಪ್ರಮಾಣಪತ್ರವನ್ನೇ ತರಿಸಬೇಕು.

ಮೂವರಲ್ಲಿ ಒಬ್ಬಳ ಪುಟ ಹೇಳುತ್ತೇನೆ. ಒಂದು ಪುಟದಲ್ಲಿ ಹತ್ತು ಸಾವು, ನಮ್ಮದು ಕೆಳಗಿನಿಂದ ಮೂರನೆಯದು. ಎರಡು ವರ್ಷದ ಹುಡುಗಿ. ಉದ್ಯೋಗದ ಕಡೆ ರೈತನ ಮಗು ಅಂತ ಬರೆದಿದ್ದಾರೆ, ಎರಡು ವರ್ಷದವಳಿಗೆ ಬೇರೆ ಏನು ಬರೆಯುತ್ತಾರೆ. ಕಾಯಿಲೆ ನಾಯಿಕೆಮ್ಮು, ಮೂರು ವಾರ, ಡಾಕ್ಟರ್ ನೋಡಿಲ್ಲ. ಆಮೇಲೆ ತಿಳಿಸಿದವರ ಹೆಸರು, ಅಲ್ಲಿ ಅಜ್ಜಿ ಇದ್ದಾಳೆ, ಅದೇ ಪಿಂಚಣಿ ಅಜ್ಜಿ, ಹೆಸರು ಹೊನೋರಾ. ಹೆಸರಿನ ನಡುವೆ ಒಂದು ಗುಣಾಕಾರದ ಗುರುತು. ಸಹಿ ಬರುತ್ತಿರಲಿಲ್ಲ. ಪಕ್ಕದಲ್ಲಿ, ಸಾಯುವಾಗ ಹತ್ತಿರ ಇದ್ದಳು ಅಂತ. ಅತ್ತೆಗೆ ಓದಿ ಹೇಳಿದೆ, ಅವರು ಎದ್ದು ಹೋಗಿ ಕೆಟಲ್ ಇಟ್ಟರು, ಟೀ ಕುಡಿದು ಮುಗಿಸುವ ತನಕ ಮಾತಾಡಲಿಲ್ಲ. ಮಗುವಿನ ಹೆಸರು ಅತ್ತೆಯ ಹೆಸರೇ ಆಗಿತ್ತು.

ಒಂದು ಕಿವಿಮಾತು. ಸಾವಿನ ಪುಟದಲ್ಲಿ ಸತ್ತವರ ಅಪ್ಪ ಅಮ್ಮನ ಹೆಸರು ಇರಲ್ಲ, ಆದ್ದರಿಂದ ತಿಳಿಸಿದವರು ಯಾರು, ಯಾವ ಊರವರು ಅನ್ನುವುದನ್ನು ಬಿಡಬೇಡಿ. ಮದುವೆ ಪುಟದಲ್ಲಿ ವಯಸ್ಸಿನ ಜಾಗದಲ್ಲಿ ಬರೀ ಫುಲ್ ಅಂತ ಇದ್ದರೆ 21 ತುಂಬಿದೆ ಅಂತ ಅರ್ಥ, ನಾನು ಅದನ್ನು ಯಾರದೋ ಅಡ್ಡಹೆಸರು ಅಂದುಕೊಂಡಿದ್ದೆ. ಆದರೆ ಅಲ್ಲಿ ಇಬ್ಬರ ಅಪ್ಪಂದಿರ ಹೆಸರೂ ಇರುತ್ತದೆ. ಮೈಕೆಲ್‌ನ ಮದುವೆಯಿಂದ ಅವನ ಅಪ್ಪ ಸಿಕ್ಕ, 1868ರ ಜನನದಿಂದ ಹೊನೋರಾಳ ತವರಿನ ಮನೆತನದ ಹೆಸರು ಸಿಕ್ಕಿತು.

ಜನನ ದಿನಾಂಕವನ್ನು ಕಣ್ಣು ಮುಚ್ಚಿ ನಂಬಬೇಡಿ. ರಿಜಿಸ್ಟರಿನಲ್ಲಿ ಹುಟ್ಟಿದ ದಿನಕ್ಕಿಂತ ಎರಡು ವಾರ ಮೊದಲೇ ಮೈಕೆಲ್‌ಗೆ ಚರ್ಚಿನಲ್ಲಿ ನಾಮಕರಣ ಆಗಿದೆ. ತಡವಾಗಿ ನೋಂದಾಯಿಸಿದರೆ ದಂಡ, ಅದಕ್ಕೆ ದಿನಾಂಕ ಮುಂದೆ ತಳ್ಳುತ್ತಿದ್ದರು. ನಮ್ಮ ಮೇಷ್ಟ್ರು ಇಡೀ ಕ್ಲಾಸಿಗೆ ಜೂನ್ 1 ಬರೆದ ಹಾಗೆ.

1864ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚಿನ ಪುಸ್ತಕಗಳೇ ಗತಿ. ಕ್ಯಾಥಲಿಕ್ ಚರ್ಚುಗಳದ್ದನ್ನು ನ್ಯಾಷನಲ್ ಲೈಬ್ರರಿ 2015ರಿಂದ ಪುಕ್ಕಟೆ ಹಾಕಿದೆ, ಬಹುತೇಕ 1880ರ ತನಕ. ಹೆಸರು ಹೊಡೆದು ಹುಡುಕುವ ಹಾಗಿಲ್ಲ, ಮೈಕ್ರೋಫಿಲ್ಮಿನ ಚಿತ್ರಗಳು, ಒಂದೊಂದೇ ಪುಟ ತಿರುಗಿಸಬೇಕು. ಎಷ್ಟೋ ಕಡೆ ಹೆಸರುಗಳು ಲ್ಯಾಟಿನ್‌ನಲ್ಲಿ, ಜೇಮ್ಸ್ ಇದ್ದವನು ಯಾಕೋಬುಸ್, ವಿಲಿಯಂ ಇದ್ದವನು ಗುಲಿಯೆಲ್ಮುಸ್. ಕೆಲವು ಪಾದ್ರಿಗಳ ಅಕ್ಷರ ನೋಡಿದರೆ ನಮ್ಮ ಶಾನುಭೋಗರ ಮೋಡಿ ಅಕ್ಷರವೇ ವಾಸಿ ಅನ್ನಿಸುತ್ತದೆ.

ದುಡ್ಡು ಕಟ್ಟಬೇಕಾದ್ದು ಇಲ್ಲಿ. ರೂಟ್ಸ್‌ಐರ್ಲೆಂಡ್ ಅನ್ನುವ ಸೈಟಿನಲ್ಲಿ ಆಯಾ ಕೌಂಟಿಯವರೇ ಚರ್ಚಿನ ಪುಸ್ತಕಗಳನ್ನು ಓದಿ ಟೈಪ್ ಮಾಡಿ ಹಾಕಿದ್ದಾರೆ. ಅಪ್ಪ ಅಮ್ಮ ಇಬ್ಬರ ಹೆಸರೂ ಕೊಟ್ಟರೆ ಅವರ ಮಕ್ಕಳೆಲ್ಲ ಸಾಲಾಗಿ ಬರುತ್ತಾರೆ. ಪುಟದ ಚಿತ್ರ ಇಲ್ಲಿ ಇರಲ್ಲ, ಅದಕ್ಕೆ ತಾರೀಖು ಗುರುತು ಹಾಕಿಕೊಂಡು ಲೈಬ್ರರಿ ಸೈಟಿಗೆ ಹೋಗಿ ಆ ಪುಟ ತೆಗೆಯುತ್ತೇನೆ. ಬೇರೆಯವರು ಟೈಪ್ ಮಾಡಿದ್ದನ್ನು ಪುಟ ನೋಡದೆ ನಂಬುವುದಿಲ್ಲ. ಇನ್ನೊಂದು ಕಡೆ ಹೊನೋರಾಳನ್ನು ಹನ್ನಾ ಅಂತ ಓದಿ ಟೈಪ್ ಮಾಡಿದ್ದರಿಂದ ನಾನು ಆರು ತಿಂಗಳು ಕಳೆದುಕೊಂಡೆ. ಊರು, ಗಂಡ ಹೆಂಡತಿ ಹೆಸರು, ಅಂದಾಜು ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಒಂದೇ ತಿಂಗಳಿಗೆ ಕಟ್ಟಿ, ಆ ತಿಂಗಳು ರಾತ್ರಿ ನಿದ್ದೆ ಕೆಟ್ಟು ಎಲ್ಲ ತೆಗೆದುಕೊಂಡು ಬಿಟ್ಟುಬಿಡಿ.

1901ಕ್ಕಿಂತ ಹಿಂದಿನ ಗಣತಿ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. 1922ರ ಜೂನ್ 30ರಂದು ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಕಚೇರಿ ಸುಟ್ಟು ಹೋಯಿತು, 1821ರಿಂದ 1851ರ ತನಕದ ಗಣತಿಯಲ್ಲಿ ಚೂರುಪಾರು ಬಿಟ್ಟರೆ ಏನೂ ಉಳಿಯಲಿಲ್ಲ. ಆದರೆ ಎಲ್ಲವನ್ನೂ ಬೆಂಕಿಯ ತಲೆಗೆ ಕಟ್ಟುವುದು ತಪ್ಪು. 1861 ಮತ್ತು 1871ರದ್ದನ್ನು ಸರ್ಕಾರವೇ ನಾಶ ಮಾಡಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋಯಿತು. ಬೆಂಕಿಗಿಂತ ನನಗೆ ಜಾಸ್ತಿ ಹೊಟ್ಟೆ ಉರಿಸುವುದು ಈ ರದ್ದಿ.

ಹಾಗಾಗಿ ಆ ಕಾಲಕ್ಕೆ ಗ್ರಿಫಿತ್ ಭೂ ಮೌಲ್ಯಮಾಪನವೇ ಗಣತಿ. 1847ರಿಂದ 1864ರ ನಡುವೆ ಕಂದಾಯಕ್ಕಾಗಿ ಮಾಡಿದ ಪಟ್ಟಿ, ಆಸ್ಕ್ ಅಬೌಟ್ ಐರ್ಲೆಂಡ್ ಸೈಟಿನಲ್ಲಿ ನಕ್ಷೆ ಸಮೇತ ಇದೆ, ಪುಕ್ಕಟೆ. ನಮ್ಮ ಪಹಣಿ ನೋಡಿದವರಿಗೆ ಕಷ್ಟವಾಗಲ್ಲ. ಮನೆ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳಿಲ್ಲ. ಕ್ಲೇರ್‌ನವರಾದರೆ ಕೌಂಟಿ ಲೈಬ್ರರಿಯ ಸೈಟನ್ನು ತಪ್ಪದೆ ನೋಡಿ, ಗೋರಿಕಲ್ಲುಗಳ ಬರಹವನ್ನೂ ಬಿಡದೆ ಹಾಕಿದ್ದಾರೆ.

ಹೆಸರಿಡುವ ಪದ್ಧತಿಯೂ ಕೈ ಹಿಡಿಯಿತು. ಮೊದಲ ಮಗನಿಗೆ ಗಂಡನ ಅಪ್ಪನ ಹೆಸರು, ಎರಡನೆಯವನಿಗೆ ಹೆಂಡತಿಯ ಅಪ್ಪನ ಹೆಸರು. ಎಲ್ಲರೂ ಪಾಲಿಸಲಿಲ್ಲ, ಆದರೂ ತಾತನ ಹೆಸರು ಮೊಮ್ಮಗನಿಗೆ ಬರುವುದು ನಮಗೇನು ಹೊಸದೇ? ಹೊನೋರಾಳ ಎರಡನೇ ಮಗ ಥಾಮಸ್. ಅವಳ ತವರಿನ ಮನೆತನದ ಥಾಮಸ್ ಒಬ್ಬ ಗ್ರಿಫಿತ್ ಪಟ್ಟಿಯಲ್ಲಿ ಪಕ್ಕದ ಟೌನ್‌ಲ್ಯಾಂಡಿನಲ್ಲೇ ಇದ್ದಾನೆ. ಅವಳ ಅಪ್ಪ ಅವನೇ ಇರಬೇಕು ಅಂತ ನನ್ನ ಅಂದಾಜು, ಮಗಳ ಚಾರ್ಟಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ. ಹೊನೋರಾಳ ನಾಮಕರಣ ಸಿಕ್ಕರೆ ಪೆನ್ನಿನಲ್ಲಿ ತಿದ್ದಬಹುದು. ಹುಟ್ಟಿದ್ದು 1840ನೋ 1843ನೋ ಆಕೆಗೇ ಗೊತ್ತು, ಎರಡೂ ಕಡೆ ಐದೈದು ವರ್ಷ ಸೇರಿಸಿ ನೋಡಬೇಕು. ನವೆಂಬರಿನಲ್ಲಿ ರಜೆ ಇದೆ, ಆಗ ಮತ್ತೆ ಒಂದು ತಿಂಗಳಿಗೆ ಕಟ್ಟುತ್ತೇನೆ. ಕ್ಯಾನ್ಸಲ್ ಮಾಡುವ ತಾರೀಖನ್ನು ಈಗಲೇ ಫೋನಿನಲ್ಲಿ ಅಲಾರಂ ಇಟ್ಟಾಗಿದೆ.