ಓಣಿಯ ಭಟ್ಟಿಯಲ್ಲಿ ಬೆಂದ ಸೇಬಿನ ಪೈ

ಕಲಬುರಗಿಯಲ್ಲಿ ದರ್ಗಾ ಕಡೆಗೆ ಹೋಗುವ ಹಳೆಯ ಓಣಿಯೊಂದರಲ್ಲಿ ಒಂದು ಭಟ್ಟಿ ಇದೆ. ಬೋರ್ಡ್ ಇಲ್ಲ. ಸುತ್ತಲಿನವರು ಸುಮ್ನೆ ಭಟ್ಟಿ ಅಂತಲೇ ಕರೆಯುತ್ತಾರೆ. ಕಟ್ಟಿಗೆಯ ಬೆಂಕಿ, ಇಟ್ಟಿಗೆಯ ಗುಮ್ಮಟ, ಹೊಗೆ ಹಿಡಿದು ಕಪ್ಪಾದ ಗೋಡೆ. ಬೆಳಿಗ್ಗೆ ಪಾವ್ ಆಗುತ್ತದೆ, ಆಮೇಲೆ ಪದರು ಪದರಾದ ಉಪ್ಪು ಬಿಸ್ಕಿಟ್, ಅಂದರೆ ಖಾರಿ, ಆಮೇಲೆ ಬೇರೆ ಬಿಸ್ಕಿಟ್, ರಾತ್ರಿಗೆ ಟೋಸ್ಟ್. ಮನೆಯಿಂದ ಮೈದಾ, ಸಕ್ಕರೆ, ತುಪ್ಪ ಒಯ್ದು ಕೊಟ್ಟರೆ ನಾನಖಟಾಯಿ ಮಾಡಿಕೊಡುತ್ತಾರೆ. ಹಬ್ಬ ಹತ್ತಿರ ಬಂದರೆ ಬಾಗಿಲಲ್ಲಿ ಸ್ಟೀಲ್ ಡಬ್ಬಿಗಳ ಸಾಲೇ ಇರುತ್ತದೆ. ನಮ್ಮ ಕಡೆಯವರಿಗೆ ಇದೆಲ್ಲ ಹೊಸದಲ್ಲ.

ಅದೇ ಭಟ್ಟಿಗೆ ಈ ಚಳಿಗಾಲದಲ್ಲಿ ನಾಲ್ಕು ಸಲ ಸೇಬಿನ ಪೈ ಒಯ್ದಿದ್ದೇನೆ. ನಾಲ್ಕೂ ಸಲ ನನ್ನ ಮನೆಯ ಓವನ್‌ಗಿಂತ ಚೆನ್ನಾಗಿ ಬೆಂದಿದೆ. ಯಾಕೆ ಹಾಗೆ, ಹೇಗೆ ಒಯ್ಯಬೇಕು, ಎಲ್ಲಿ ತೊಂದರೆ ಆಗುತ್ತದೆ, ಎಲ್ಲ ಬರೆಯುತ್ತೇನೆ. ನಿಮ್ಮ ಓಣಿಯಲ್ಲೂ ಇಂಥ ಭಟ್ಟಿ ಇರಬಹುದು.

ಪೈ ತಿನ್ನದವರಿಗೆ ಹೇಗೆ ಹೇಳಲಿ? ನಮ್ಮ ಅತ್ತೆ ಮೊದಲ ತುತ್ತಿಗೇ ಹೇಳಿದ್ದು ಸರಿಯಾಗಿದೆ: "ಒಳಗ ಹೂರಣ, ಮ್ಯಾಲ ಚಿರೋಟಿ." ಮೈದಾ ಮತ್ತು ಬೆಣ್ಣೆಯ ಹಿಟ್ಟನ್ನು ಲಟ್ಟಿಸಿ ತಟ್ಟೆಗೆ ಹಾಸಿ, ಮಧ್ಯೆ ಸಕ್ಕರೆ, ದಾಲ್ಚಿನ್ನಿ ಹಾಕಿದ ಸೇಬಿನ ಹೋಳು ತುಂಬಿ, ಮೇಲೆ ಇನ್ನೊಂದು ಹಾಳೆ ಮುಚ್ಚಿ ಬೇಯಿಸುವುದು. ಹೊರಗಿನ ಹಿಟ್ಟು ಪದರು ಪದರಾಗಿ ಬಿಡಬೇಕು. ತಳ ಕೂಡ ಗರಿಗರಿ ಇರಬೇಕು. ಮೇಲಿನದು ಎಲ್ಲರಿಗೂ ಬರುತ್ತದೆ. ತಳದ್ದೇ ಕಷ್ಟ.

ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಮುಂಬೈ–ಚೆನ್ನೈ ಹಾದಿಯಿಂದ ಹೈದರಾಬಾದ್ ಹಾದಿ ಒಡೆಯುವ ಜಂಕ್ಷನ್ ಅದು. ರಾತ್ರಿಯೆಲ್ಲ ಎಂಜಿನ್ ಸದ್ದು. ಪಕ್ಕದ ಮನೆಯಲ್ಲಿ ಒಂದು ಆಂಗ್ಲೋ ಇಂಡಿಯನ್ ಕುಟುಂಬ ಇತ್ತು. ಕ್ರಿಸ್‌ಮಸ್‌ಗೆ ಆ ಆಂಟಿ ಸೇಬಿನ ಪೈ ಮಾಡುತ್ತಿದ್ದರು. ನಮಗೆ ಒಂದು ತಟ್ಟೆ ಬರುತ್ತಿತ್ತು. ನಾನು ಮೇಲಿನ ಪದರನ್ನು ಬೆರಳಲ್ಲಿ ಒಂದೊಂದೇ ಎತ್ತಿ ತಿನ್ನುತ್ತಿದ್ದೆ. ಆಂಟಿಗೆ ವರ್ಗವಾಗಿ ಹೋದ ಮೇಲೆ ಆ ರುಚಿ ಮತ್ತೆ ಸಿಗಲಿಲ್ಲ.

ಎರಡು ವರ್ಷದ ಹಿಂದೆ 28 ಲೀಟರಿನ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್ ಒಂದನ್ನು ತಂದೆ. ಬಿಸ್ಕಿಟ್, ಕೇಕ್ ಎಲ್ಲ ಚೆನ್ನಾಗಿಯೇ ಬಂತು. ಪೈ ಮಾತ್ರ ಬರಲಿಲ್ಲ. ಮೇಲೆ ಕಂದು ಬಣ್ಣ, ಕೆಳಗೆ ಹಸಿ ಹಿಟ್ಟು. ಟ್ರೇ ಕೆಳಗಿನ ಸಾಲಿಗೆ ಇಟ್ಟೆ, ಕೆಳಗಿನ ರಾಡ್ ಮಾತ್ರ ಹಚ್ಚಿದೆ, ಜಾಸ್ತಿ ಹೊತ್ತು ಬಿಟ್ಟೆ. ಅಂಚು ಸುಟ್ಟಿತೇ ಹೊರತು ತಳ ಬೇಯಲಿಲ್ಲ. ಸಣ್ಣ ಓವನ್‌ನಲ್ಲಿ ಬಾಗಿಲು ತೆಗೆದರೆ ಶಾಖ ಹೊರಗೆ ಹೋಗಿಬಿಡುತ್ತದೆ. ತೆಳು ತಗಡಿನಲ್ಲಿ ಶಾಖ ಹಿಡಿದಿಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಒಂದೂವರೆ ಕಿಲೋ ತೂಕದ ತಣ್ಣನೆಯ ಪೈ ಒಳಗೆ ಹೋದರೆ ಅದು ಮತ್ತೆ ಕಾಯುವಷ್ಟರಲ್ಲಿ ಬೆಣ್ಣೆ ಕರಗಿ ಹರಿದಿರುತ್ತದೆ.

ಒಂದು ದಿನ ರೊಟ್ಟಿ ಬಡಿಯುತ್ತಾ ನಿಂತಾಗ ನೆನಪಾಯಿತು. ಆಂಟಿಯ ಮನೆಯಲ್ಲೂ ಓವನ್ ಇರಲಿಲ್ಲ ಅಲ್ವಾ? ಅವರ ಮಗ ಟವೆಲ್ ಮುಚ್ಚಿದ ತಟ್ಟೆ ಹೊತ್ತುಕೊಂಡು ಪಾವ್ ಮಾಡುವವರ ಭಟ್ಟಿಗೆ ಹೋಗುತ್ತಿದ್ದ. ನಾನೇ ಎಷ್ಟೋ ಸಲ ಅವನ ಜೊತೆ ಹೋಗಿದ್ದೆ! ಆ ಮಧ್ಯಾಹ್ನವೇ ಆಟೋ ಹತ್ತಿ ಈ ಭಟ್ಟಿಗೆ ಬಂದೆ.

ಇಲ್ಲಿಯ ಉಸ್ತಾದರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಪೈ ಅಂದರೆ ಏನು ಅಂತ ಕೇಳಿದರು. ಒಳಗೆ ಹಣ್ಣು, ಹೊರಗೆ ಖಾರಿಯಂಥ ಹಿಟ್ಟು ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಅಕ್ಕಾ, ಈಗ ಭಟ್ಟಿ ಆರ್ಯಾದ. ನಾಳೆ ಪಾವ್ ತೆಗೆದ ಮ್ಯಾಲ, ಖಾರಿ ಇಡೂಕಿಂತ ಮೊದಲ ತಗೊಂಡ್ ಬರ್ರಿ."

ಆ ಒಂದು ಮಾತಿನಲ್ಲಿ ನನ್ನ ಎರಡು ವರ್ಷದ ತೊಂದರೆಗೆ ಉತ್ತರ ಇತ್ತು. ಪೈಗೆ ಮೊದಲ 20 ನಿಮಿಷ ಜೋರು ಶಾಖ ಬೇಕು, ಸುಮಾರು 220 ಡಿಗ್ರಿ. ಬೆಣ್ಣೆಯಲ್ಲಿ ಸ್ವಲ್ಪ ನೀರು ಇರುತ್ತದೆ. ಶಾಖ ಒಮ್ಮೆಲೇ ತಾಕಿದರೆ ಆ ನೀರು ಹಬೆಯಾಗಿ ಹಿಟ್ಟಿನ ಪದರನ್ನು ಎತ್ತುತ್ತದೆ. ಶಾಖ ನಿಧಾನಕ್ಕೆ ಬಂದರೆ ಬೆಣ್ಣೆ ಮೊದಲೇ ಕರಗಿ ಹಿಟ್ಟಿಗೆ ಇಳಿದುಬಿಡುತ್ತದೆ, ಪದರು ಏಳುವುದಿಲ್ಲ. ಆಮೇಲೆ ಒಳಗಿನ ಸೇಬು ಬೇಯಲು ಇನ್ನೊಂದು 40 ನಿಮಿಷ, 180 ಡಿಗ್ರಿಯ ಸುತ್ತ. ಅಂದರೆ ಮೊದಲು ಜೋರು, ಬರಬರುತ್ತಾ ಕಡಿಮೆ. ಕಟ್ಟಿಗೆ ಭಟ್ಟಿಯ ಸ್ವಭಾವವೇ ಅದು. ಕೆಂಡ ಎಳೆದ ಮೇಲೆ ಅದು ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಓಟಿಜಿಗೆಂದು ತಂದಿದ್ದ ಡಯಲ್ ಥರ್ಮಾಮೀಟರನ್ನು ಎರಡನೆಯ ಸಲ ಒಯ್ದು ಪೈ ಪಕ್ಕದಲ್ಲೇ ಇಡಿಸಿದೆ. ಶುರುವಿಗೆ 230 ತೋರಿಸಿತು. ಒಂದು ಗಂಟೆಯ ನಂತರ 180ಕ್ಕಿಂತ ಸ್ವಲ್ಪ ಕೆಳಗೆ. ಯಾರೂ ಗುಂಡಿ ತಿರುಗಿಸಿರಲಿಲ್ಲ.

ಉಸ್ತಾದರಿಗೆ ಥರ್ಮಾಮೀಟರ್ ಬೇಕಿಲ್ಲ. ಒಂದು ಚಿಟಿಕೆ ಮೈದಾ ಭಟ್ಟಿಯ ನೆಲಕ್ಕೆ ಎರಚಿ ನೋಡುತ್ತಾರೆ. ಕೂಡಲೇ ಕಪ್ಪಾದರೆ ಕಾಯಿರಿ ಅನ್ನುತ್ತಾರೆ. ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ತಟ್ಟೆ ಒಳಗೆ. ಉದ್ದ ಕೋಲಿನ ಹಲಗೆಯ ಮೇಲೆ ತಟ್ಟೆ ಇಟ್ಟು, ಬಾಯಿಂದ ಒಂದು ಮಾರು ದೂರಕ್ಕೆ ಸರಿಸಿ, ನೇರ ಇಟ್ಟಿಗೆಯ ಮೇಲೇ ಬಿಡುತ್ತಾರೆ. ತಳ ಬೇಯುವ ಗುಟ್ಟು ಇದೇ. ಬೆಳಗಿನ ಜಾವದಿಂದ ಕಾದ ಇಟ್ಟಿಗೆ ಅದು, ತಣ್ಣನೆಯ ತಟ್ಟೆ ಬಂತೆಂದು ಆರುವುದಿಲ್ಲ. ಮೊದಲ ಸಲ ಪೈ ಮನೆಗೆ ತಂದು, ಆರಿಸಿ, ಒಂದು ತುಂಡು ಎತ್ತಿ ತಿರುಗಿಸಿ ನೋಡಿದೆ. ತಳ ಜೋಳದ ರೊಟ್ಟಿಯ ಹಾಗೆ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು ಗಟ್ಟಿಯಾಗಿತ್ತು. ಉಗುರಲ್ಲಿ ತಟ್ಟಿದರೆ ಟಕ್ ಅಂದಿತು. ನನಗೆ ಕಣ್ಣು ತುಂಬಿ ಬಂತು.

ಈಗ ಹಿಟ್ಟಿನ ಮಾತು, ಯಾಕೆಂದರೆ ಭಟ್ಟಿ ಎಷ್ಟೇ ಒಳ್ಳೆಯದಿದ್ದರೂ ಹಿಟ್ಟು ಕೆಟ್ಟರೆ ಉಸ್ತಾದರು ಏನೂ ಮಾಡಲಾರರು. ಒಂಬತ್ತು ಇಂಚಿನ ತಟ್ಟೆಗೆ ನಾನು 350 ಗ್ರಾಂ ಮೈದಾ, 250 ಗ್ರಾಂ ಬೆಣ್ಣೆ ತೆಗೆದುಕೊಳ್ಳುತ್ತೇನೆ. ಅರ್ಧ ಕಿಲೋ ಪ್ಯಾಕೆಟ್ಟಿನ ಸರಿಯಾಗಿ ಅರ್ಧ. ಉಪ್ಪಿನ ಬೆಣ್ಣೆ ಆದರೆ ಬೇರೆ ಉಪ್ಪು ಬೇಡ. ಬೆಣ್ಣೆಯನ್ನು ಸಣ್ಣ ಚೌಕ ಮಾಡಿ ಫ್ರೀಜರ್‌ನಲ್ಲಿ ಇಟ್ಟಿರಬೇಕು. ಮೈದಾ ಕೂಡ ಫ್ರಿಜ್‌ನಲ್ಲಿರಲಿ. ಬೆರಳ ತುದಿಯಿಂದ ಬೇಗ ಬೇಗ ಉಜ್ಜಿ. ಬೆಣ್ಣೆಯ ತುಂಡು ಕೆಲವು ತೊಗರಿ ಕಾಳಿನಷ್ಟು, ಕೆಲವು ಕಾಬೂಲಿ ಕಡಲೆಯಷ್ಟು ಉಳಿದಾಗ ನಿಲ್ಲಿಸಿ. ಪೂರ್ತಿ ಬೆರೆಸಬಾರದು. ಆ ತುಂಡುಗಳೇ ಲಟ್ಟಿಸುವಾಗ ಚಪ್ಪಟೆಯಾಗಿ ಪದರಾಗುವುದು. ಚಿರೋಟಿಯಲ್ಲಿ ಹಾಳೆಗಳ ನಡುವೆ ತುಪ್ಪ, ಹಿಟ್ಟು ಕಲಸಿದ ಸಾಟಿ ಸವರುತ್ತೇವೆ. ಇಲ್ಲಿ ಆ ಕೆಲಸವನ್ನು ಬೆಣ್ಣೆಯ ಕಾಳು ಮಾಡುತ್ತದೆ.

ಐಸ್ ನೀರು ಆರೇಳು ದೊಡ್ಡ ಚಮಚ ಸಾಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಷ್ಟೇ. ಚಪಾತಿ ಹಿಟ್ಟು ನಾದಿದಷ್ಟೂ ಒಳ್ಳೆಯದು, ಇದು ಅದಕ್ಕೆ ತಿರುಗುಮುರುಗು. ನಾದಿದರೆ ಮೈದಾ ಜಿಗುಟಾಗಿ ಪೈ ರಬ್ಬರಿನಂತೆ ಆಗುತ್ತದೆ. ಎರಡು ಭಾಗ ಮಾಡಿ, ತಟ್ಟಿ, ಮುಚ್ಚಿ, ಫ್ರಿಜ್‌ನಲ್ಲಿ ಒಂದು ಗಂಟೆ ಬಿಡಿ.

ನಮ್ಮ ಊರಿನ ಬಿಸಿಲು ಇದಕ್ಕೆ ದೊಡ್ಡ ವೈರಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು. ಬೆಣ್ಣೆ ಕರಗಲು 35 ಸಾಕು. ಅಡುಗೆಮನೆಯಲ್ಲಿ ಕೈ ಇಡುವಷ್ಟರಲ್ಲಿ ನೀರಾಗುತ್ತದೆ. ಅದಕ್ಕೆ ನಾನು ನವೆಂಬರ್‌ನಿಂದ ಜನವರಿವರೆಗೆ ಮಾತ್ರ ಮಾಡುತ್ತೇನೆ, ಅದೂ ಬೆಳಿಗ್ಗೆ ಐದಕ್ಕೆ ಎದ್ದು. ಶಹಾಬಾದ್ ಕಲ್ಲಿನ ಕಟ್ಟೆ ಆ ಹೊತ್ತಿಗೆ ಚೆನ್ನಾಗಿ ತಣ್ಣಗಿರುತ್ತದೆ. ಲಟ್ಟಿಸಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಸೇಬಿನ ಬಗ್ಗೆ ಒಂದು ಮಾತು. ನಮ್ಮ ಮಾರ್ಕೆಟ್ಟಿಗೆ ಬರುವುದು ಹೆಚ್ಚಾಗಿ ಕೆಂಪು ಡೆಲಿಷಿಯಸ್ ಜಾತಿಯ ಹಣ್ಣು. ಇದು ಅಮೆರಿಕದ ಜಾತಿ. ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನುವವರು 1916ರಲ್ಲಿ ಹಿಮಾಚಲದ ಕೋಟ್‌ಗಢದಲ್ಲಿ ಇದರ ಗಿಡ ಹಚ್ಚಿದರು. ಹಾಗೇ ತಿನ್ನಲು ಚೆಂದದ ಹಣ್ಣು. ಬೇಯಿಸಿದರೆ ಮೆತ್ತಗಾಗುತ್ತದೆ, ಹುಳಿ ಸಾಲದು. ಪೈಗೆ ಹೇಳಿ ಮಾಡಿಸಿದ್ದು ಹಸಿರು ಗ್ರ್ಯಾನಿ ಸ್ಮಿತ್. ಅದು ಇಲ್ಲಿ ದುಬಾರಿ. ನಾನು ಒಂದು ಕಿಲೋ ಕೆಂಪು ಹಣ್ಣಿಗೆ ಎರಡು ಹಸಿರು ಹಣ್ಣು ಸೇರಿಸಿ, ಒಂದೂವರೆ ಲಿಂಬೆ ಹಿಂಡುತ್ತೇನೆ. ಇಂಡಿ ಕಡೆಯ ಲಿಂಬೆ ಸಿಕ್ಕರೆ ಒಂದೇ ಸಾಕು.

ಸೇಬಿನ ಹೋಳುಗಳಿಗೆ 120 ಗ್ರಾಂ ಸಕ್ಕರೆ ಹಾಕಿ ಮುಕ್ಕಾಲು ಗಂಟೆ ಬಿಟ್ಟರೆ ಬಟ್ಟಲು ತುಂಬ ರಸ ಬಿಡುತ್ತದೆ. ಆ ರಸ ಬಸಿದು, ಒಲೆಯ ಮೇಲೆ ಪಾಕದ ಹಾಗೆ ದಪ್ಪ ಮಾಡಿ, ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ದಾಲ್ಚಿನ್ನಿ ಪುಡಿ ಸೇರಿಸಿ, ತಣ್ಣಗಾದ ಮೇಲೆ ಹೋಳುಗಳಿಗೆ ಕಲಸಬೇಕು. ಇದನ್ನು ಬಿಡಬೇಡಿ. ರಸ ಒಳಗೇ ಉಳಿದರೆ ಎಂಥ ಭಟ್ಟಿಯಲ್ಲೂ ತಳ ನೆನೆಯುತ್ತದೆ.

ತಟ್ಟೆ ನಿಮ್ಮದೇ ಒಯ್ಯಿರಿ. ದಪ್ಪ ಅಲ್ಯುಮಿನಿಯಂ ಇರಲಿ. ಗಾಜಿನದು ಬೇಡವೇ ಬೇಡ, ಬಿಸಿ ಇಟ್ಟಿಗೆ ತಾಕಿದರೆ ಸೀಳಿಹೋಗಬಹುದು. ಮನೆಯಲ್ಲೇ ಪೂರ್ತಿ ಕಟ್ಟಿ, ಮೇಲಿನ ಹಾಳೆಗೆ ನಾಲ್ಕು ಕಡೆ ಚಾಕುವಿನಿಂದ ಸೀಳು ಮಾಡಿ, ಒಂದು ಗಂಟೆ ಫ್ರೀಜರ್‌ನಲ್ಲಿ ಇಡುತ್ತೇನೆ. ಆಮೇಲೆ ಐಸ್ ಹಾಕಿದ ಥರ್ಮಾಕೋಲ್ ಡಬ್ಬಿ, ಆಟೋ. ಬ್ರಹ್ಮಪುರದ ನಮ್ಮ ಮನೆಯಿಂದ ಹತ್ತು ಹದಿನೈದು ನಿಮಿಷ. ಹಾಲು ಸವರುವುದು ಭಟ್ಟಿಯ ಬಾಗಿಲಲ್ಲೇ.

ಇನ್ನು ತೊಂದರೆಗಳು. ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ.

ಹೊತ್ತು ಪಕ್ಕಾ ಇರುವುದಿಲ್ಲ. ಹನ್ನೊಂದಕ್ಕೆ ಬನ್ನಿ ಅಂದರೆ ಹನ್ನೆರಡೂ ಆಗಬಹುದು. ಕಟ್ಟಿಗೆ ಹಸಿ ಇದ್ದ ದಿನ ನಾನು ಒಂದೂಕಾಲು ಗಂಟೆ ಕಾದಿದ್ದೇನೆ, ಡಬ್ಬಿಯ ಐಸ್ ಅರ್ಧ ನೀರಾಗಿತ್ತು. ಆ ಸಲದ ಪದರು ಉಳಿದ ಮೂರು ಸಲದಷ್ಟು ಏಳಲಿಲ್ಲ. ಕೂರಲು ಜಾಗ ಇಲ್ಲ. ಒಳಗೆ ಹಿಟ್ಟಿನ ಧೂಳು, ಹೊರಗೆ ಓಣಿಯ ಗಾಡಿಗಳು. ನನ್ನ ಮಂಡಿನೋವಿಗೆ ಇದು ನಿಜವಾಗಿಯೂ ಕಷ್ಟ. ಒಂದು ಸ್ಟೂಲ್ ಇಟ್ಟರೆ ಪುಣ್ಯ ಬರುತ್ತದೆ ಅಂತ ಉಸ್ತಾದರಿಗೆ ಹೇಳಿದ್ದೇನೆ. ಮೂರನೆಯ ಸಲ ಹುಡುಗನೊಬ್ಬ ತಟ್ಟೆಯನ್ನು ಕೆಂಡ ಎಳೆದಿದ್ದ ಮೂಲೆಗೆ ಇಟ್ಟುಬಿಟ್ಟ, ಒಂದು ಕಡೆಯ ಅಂಚು ಕಪ್ಪಾಯಿತು. ಉಸ್ತಾದರು ಅವತ್ತು ದುಡ್ಡು ಮುಟ್ಟಲಿಲ್ಲ. ಈಗ ಅರ್ಧ ಹೊತ್ತಿಗೆ ತಟ್ಟೆ ತಿರುಗಿಸಿ ಇಡಿಸುತ್ತೇನೆ, ಅಂಚು ಬೇಗ ಕಂದಿದರೆ ಮೇಲೆ ತಗಡು ಮುಚ್ಚುತ್ತಾರೆ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ. ಹಬ್ಬದ ಹಿಂದಿನ ವಾರವೂ ಬೇಡ, ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.

ಹೊಗೆಯ ವಾಸನೆ ಬರುತ್ತದೆಯಾ ಅಂತ ನಮ್ಮ ವೈನಿ ಕೇಳಿದರು. ತೀರಾ ಸ್ವಲ್ಪ, ಮೇಲಿನ ಪದರಲ್ಲಿ ಮಾತ್ರ. ದಾಲ್ಚಿನ್ನಿಯ ಜೊತೆ ಅದು ನನಗೆ ಬಹಳ ಇಷ್ಟ. ಆಂಟಿಯ ಪೈಯಲ್ಲೂ ಇದೇ ವಾಸನೆ ಇತ್ತು. ಅದನ್ನು ನಾನು ಇಷ್ಟು ವರ್ಷ ಅಮೆರಿಕದ್ದೋ ಇಂಗ್ಲೆಂಡಿನದ್ದೋ ಯಾವುದೋ ಮಸಾಲೆ ಅಂದುಕೊಂಡಿದ್ದೆ. ಅದು ವಾಡಿಯ ಕಟ್ಟಿಗೆ!

ದರ: ಬಿಸ್ಕಿಟ್‌ಗೆ ಕಿಲೋ ಲೆಕ್ಕ, ನನ್ನ ಪೈಗೆ 40 ರೂಪಾಯಿ ತೆಗೆದುಕೊಂಡರು. ನಾನು 50 ಕೊಡುತ್ತೇನೆ. ಒಂದು ಗಂಟೆಯ ಜಾಗ, ಕಾವಲು, ಅವರ ಕಣ್ಣು, ಇಷ್ಟಕ್ಕೂ ಅದು ಕಡಿಮೆಯೇ.

ಮನೆಗೆ ತಂದ ಕೂಡಲೇ ಕೊಯ್ಯಬೇಡಿ. ಮೂರು ಗಂಟೆಯಾದರೂ ಬಿಡಿ, ಒಳಗಿನ ರಸ ಗಟ್ಟಿಯಾಗಬೇಕು. ನಮ್ಮ ಮನೆಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮೊಮ್ಮಗಳು ಪೈ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ತಿನ್ನುವಾಗ ಜೊತೆಗೆ ಹಾಲಿನ ಕೆನೆ ಇದ್ದರೆ ಸಾಕು, ಐಸ್‌ಕ್ರೀಮ್ ಬೇಕೇ ಬೇಕು ಅಂತಿಲ್ಲ.

ನಾಲ್ಕನೆಯ ಪೈಯ ಕಾಲು ಭಾಗವನ್ನು ಮರುದಿನ ಉಸ್ತಾದರಿಗೆ ಒಯ್ದು ಕೊಟ್ಟೆ. ಅವರು ಮೊದಲು ತಿನ್ನಲಿಲ್ಲ. ಅಂಚು ಮುರಿದು, ಬೆಳಕಿಗೆ ಹಿಡಿದು ಪದರು ನೋಡಿದರು. ಮೂರು ತಲೆಮಾರು ಖಾರಿ ಮಾಡಿದ ಮನೆ ಅವರದು. "ಪದರ ಚಲೋ ಬಿಟ್ಟದ ಅಕ್ಕಾ. ಬೆಣ್ಣಿ ಹಾಕೀರಿ, ಡಾಲ್ಡಾ ಅಲ್ಲ," ಅಂದರು. ಆಮೇಲೆ ತಿಂದರು. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಮನೆಗೆ ಕಳಿಸಿದರು. ಸೇಬಿನ ಬದಲು ಪೇರಲ ಹಾಕಿದರೆ ಹೇಗೆ ಅಂತ ಕೇಳಿದರು. ಬರುವ ಭಾನುವಾರ ಪಾವ್ ತೆಗೆದ ಮೇಲೆ ಬರಲು ಹೇಳಿದ್ದಾರೆ. ಅರ್ಧ ಕಿಲೋ ಬೆಣ್ಣೆ ತಂದು ಫ್ರೀಜರ್‌ನಲ್ಲಿ ಇಟ್ಟಿದ್ದೇನೆ.