ಹಳೇ ಹತ್ತರಿ, ಹೊಸ ಹತ್ತರಿ, ಮತ್ತೆ ಒಂದು ಮೊಳೆ

ಮರ ಹೆರೆದು ನಯ ಮಾಡುವ ಎರಡು ಹತ್ತರಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಂದು ಡಬ್ಬಿ ಒಡೆದು ತೆಗೆದ ಹೊಸದು, ಮೈಯೆಲ್ಲ ಪೇಂಟಿನ ಹೊಳಪು. ಇನ್ನೊಂದು ಗುಜರಿ ರಾಶಿಯಲ್ಲಿ ಸಿಕ್ಕಿದ್ದು. ಅದು ಹತ್ತರಿ ಅಂತ ಗೊತ್ತಾಗಲು ಎರಡು ಸಲ ತಿರುಗಿಸಿ ನೋಡಬೇಕಾಯಿತು, ಅಷ್ಟು ತುಕ್ಕು. ಮನೆಯ ವರ್ಕ್‌ಶಾಪಿಗೆ ಅಂತ ನಾನು ಇಂಥ ಜೋಡಿಗಳನ್ನು ಬಳಸಿ ನೋಡುತ್ತಾ ಬಂದು ಮೂರು ವರ್ಷ ಆಯಿತು. ಹತ್ತರಿ, ಡ್ರಿಲ್, ಗರಗಸ, ಹಳೇ ಹಲಗೆ, ಕಿತ್ತು ತಂದ ಮೋಟಾರು, ಎಲ್ಲ ಸೇರಿಸಿ.

"ಆ ಕಾಲದ ಉಕ್ಕೇ ಬೇರೆ" ಅನ್ನುವ ಮಾತನ್ನು ನಾನು ಪೂರ್ತಿ ನಂಬುವವನಲ್ಲ. ಆ ಕಾಲದಲ್ಲೂ ಕಳಪೆ ಸಾಮಾನು ಬೇಕಾದಷ್ಟು ಇತ್ತು, ಅದೆಲ್ಲ ಯಾವತ್ತೋ ಕುಲುಮೆಗೆ ಹೋಗಿ ಕರಗಿದೆ, ಉಳಿದದ್ದಷ್ಟೇ ನಮ್ಮ ಕೈಗೆ ಸಿಗುತ್ತಿದೆ, ಅಲ್ವಾ? ನನ್ನ ಅನುಭವ ಇಷ್ಟು: ಸವೆತ ಕಣ್ಣಿಗೆ ಕಾಣುವ ಹಳೇ ಸಾಮಾನು ನನಗೆ ಲಾಭ ತಂದಿದೆ. ಸವೆತ ಒಳಗೆ ಅಡಗಿದ್ದ ಹಳೇ ಸಾಮಾನು ಪ್ರತಿ ಸಲವೂ ಕೈ ಕೊಟ್ಟಿದೆ.

ಹತ್ತರಿಯಿಂದಲೇ ಶುರು ಮಾಡುತ್ತೇನೆ. ಹಳೇದು ಬೈಲಿ ಮಾದರಿಯ 4ನೇ ನಂಬರ್. ಅಲಗು 2 ಇಂಚು ಅಗಲ, ಮೈ 9 ಇಂಚು ಚಿಲ್ಲರೆ ಉದ್ದ. ಅಮೆರಿಕದ ಹತ್ತರಿ ತಯಾರಕ ಲಿಯೊನಾರ್ಡ್ ಬೈಲಿಯ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇವತ್ತಿಗೂ ಕಬ್ಬಿಣದ ಹತ್ತರಿ ಅಂದರೆ ಹೆಚ್ಚುಕಡಿಮೆ ಅದೇ ವಿನ್ಯಾಸ. ನನ್ನ ಹೊಸದೂ ಅದರ ನಕಲೇ. ಹಾಗಾಗಿ ಭಾಗಕ್ಕೆ ಭಾಗ ಇಟ್ಟು ನೋಡುವುದು ಸುಲಭವಾಯಿತು.

ಹಳೇದನ್ನು ತೆಗೆದುಕೊಳ್ಳುವಾಗ ತುಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲು ನೋಡಿದ್ದು ಬಾಯಿಯ ಎರಡು ತುದಿ, ಅಂದರೆ ಅಲಗು ಹೊರಗೆ ಇಣುಕುವ ಸೀಳಿನ ಮೂಲೆಗಳು. ಎರಕದ ಕಬ್ಬಿಣ ಕೆಳಗೆ ಬಿದ್ದರೆ ಬಿರುಕು ಬಿಡುವುದು ಅಲ್ಲೇ, ಮತ್ತು ಕೊಳೆ ತುಂಬಿದ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಉಗುರು ಎಳೆದು ನೋಡಬೇಕು, ಬಿರುಕಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ಕ್ರೂಗಳನ್ನು ಎಣಿಸಿದೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಈ ಹತ್ತರಿಗಳ ಕೆಲವು ಸ್ಕ್ರೂಗಳ ಸುತ್ತು ಈಗಿನ ಬೋಲ್ಟುಗಳಿಗೆ ಹೊಂದುವುದಿಲ್ಲ. ಒಂದು ಕಳೆದಿದ್ದರೆ ಇನ್ನೊಂದು ಸತ್ತ ಹತ್ತರಿ ಸಿಗುವವರೆಗೆ ಕಾಯಬೇಕು. ಕೊನೆಗೆ ಅಲಗು ಎಷ್ಟು ಉಳಿದಿದೆ ಅಂತ ನೋಡಿದೆ. ಹಿಂದಿನ ಹಿಡಿ ಮುರಿದಿತ್ತು. ಮುರಿದರೆ ಮುರಿಯಲಿ, ಅದು ಮರ, ಅಂಟಿಸಬಹುದು.

ಮನೆಗೆ ತಂದು ಬಿಚ್ಚುವಾಗ ಒಂದು ಪಜೀತಿ ಆಯಿತು. ಅಲಗನ್ನು ಮುಂದೆ ಹಿಂದೆ ಮಾಡುವ ಹಿತ್ತಾಳೆ ಚಕ್ರ ಇದೆಯಲ್ಲ, ಅದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಬಟ್ಟೆ ಸುತ್ತಿ ಇಕ್ಕಳದಲ್ಲಿ ತಿರುಗಿಸಿದೆ, ಮುಕ್ಕಾಲು ಗಂಟೆ ಬೈದುಕೊಂಡೆ. ಆಮೇಲೆ ಹೊಳೆಯಿತು, ಅದರ ಸುತ್ತು ಉಲ್ಟಾ. ಬಿಚ್ಚುತ್ತಿದ್ದೇನೆ ಅಂದುಕೊಂಡು ಅಷ್ಟು ಹೊತ್ತೂ ಬಿಗಿ ಮಾಡುತ್ತಿದ್ದೆ. ಇನ್ನೊಂದು ಕಡೆ ತಿರುಗಿಸಿದ ತಕ್ಷಣ ಬೆಣ್ಣೆಯ ಹಾಗೆ ಬಂತು.

ಈಗ ಹೊಸದು. ಡಬ್ಬಿಯಿಂದ ತೆಗೆದು ಅಲಗಿಗೆ ಸಾಣೆ ಕೊಟ್ಟು ಹಲಗೆಯ ಮೇಲೆ ಎಳೆದರೆ ಗಡಗಡ ಅಂತ ನಡುಗಿತು. ಸಿಪ್ಪೆ ಬರುವ ಬದಲು ಪುಡಿ ಬಂತು. ಅಲಗು ಕೂರುವ ಇಳಿಜಾರು ತುಂಡನ್ನು ಬಿಚ್ಚಿ ನೋಡಿದೆ, ಅದನ್ನು ಫ್ರಾಗ್ ಅನ್ನುತ್ತಾರೆ. ಅದರ ಕೆಳಗೆ ಪೇಂಟಿನ ಗಂಟುಗಳು. ಅದು ಮೂರು ಕಡೆ ಮಾತ್ರ ತಾಗಿಕೊಂಡು ಕೂತಿತ್ತು. ತಳವನ್ನು ಉಕ್ಕಿನ ಸ್ಕೇಲಿನ ಮೇಲಿಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ. ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು, ಅಂದರೆ ಫೀಲರ್ ಗೇಜಿನ 0.2 ಮಿ.ಮೀ. ಎಲೆ ಆ ಸಂದಿಯಲ್ಲಿ ಸಲೀಸಾಗಿ ಹೋಯಿತು. ಹಳೇದರಲ್ಲಿ 0.05ರ ಎಲೆ ಮಾತ್ರ, ಅದೂ ಹಿಂಬದಿಯಲ್ಲಿ. ಅಲ್ಲಿ ಇದ್ದರೆ ತೊಂದರೆ ಇಲ್ಲ.

ಹೊಸದರ ಪೇಂಟ್ ಕೆರೆದು, ಫ್ರಾಗ್‌ಗೆ ಅರ ಹಾಕಿ, ದಪ್ಪ ಗಾಜಿನ ಮೇಲೆ ಮರಳು ಕಾಗದ ಅಂಟಿಸಿ ತಳವನ್ನು ಉಜ್ಜಿ ಉಜ್ಜಿ ಸರಿ ಮಾಡಿದೆ. ಎರಡು ಸಂಜೆ ಹೋಯಿತು. ಹಳೇದರ ತುಕ್ಕು ತೆಗೆದು, ಹಿಡಿ ಅಂಟಿಸಿ, ಎಣ್ಣೆ ಹಚ್ಚಲು ಹಿಡಿದದ್ದು ಒಂದೂವರೆ ಸಂಜೆ. ನನಗೆ ಆಶ್ಚರ್ಯ ಆಗಿದ್ದು ಇದೇ. ಹೊಸದನ್ನು ಕೊಳ್ಳುವುದೇ ರಿಪೇರಿ ಕೆಲಸ ತಪ್ಪಲಿ ಅಂತ, ಅದಕ್ಕೇ ರಿಪೇರಿ ಜಾಸ್ತಿ ಬಿತ್ತು.

ಆಮೇಲೆ ಎರಡಕ್ಕೂ ಒಂದೇ ಸಾಣೆ: 25 ಡಿಗ್ರಿಗೆ ಹೆರೆದು, ತುದಿಗೆ 30 ಡಿಗ್ರಿ. ಎರಡರಲ್ಲೂ ಅಲಗಿನ ಮೇಲೆ ಕೂರುವ ಪಟ್ಟಿ, ಅಂದರೆ ಕ್ಯಾಪ್ ಐರನ್ ಅನ್ನು ಅಲಗಿನ ಅಂಚಿಗೆ ಅರ್ಧ ಮಿ.ಮೀ.ಗಿಂತ ಹತ್ತಿರ ತಂದೆ. ಒಂದೇ ಹಲಗೆ, ನಡುವೆ ಒಂದು ಗಂಟು, ಗಂಟಿನ ಸುತ್ತ ಎಳೆ ಆ ಕಡೆ ಈ ಕಡೆ ತಿರುಗಿತ್ತು. ಹಳೇದು ಗಂಟು ದಾಟುವಾಗ ಸದ್ದು ಸ್ವಲ್ಪ ಗಡುಸಾಯಿತು, ಅಷ್ಟೇ. ಸಿಪ್ಪೆ ತುಂಡಾಗಲಿಲ್ಲ, ಅದರ ಆಚೆಗಿನ ಬೆರಳು ಮಸುಕಾಗಿ ಕಾಣುತ್ತಿತ್ತು. ಹೊಸದು ಮೊದಲ ಇಪ್ಪತ್ತು ಎಳೆತ ಚೆನ್ನಾಗಿಯೇ ಹೋಯಿತು, ಸುಳ್ಳು ಹೇಳಬಾರದು. ಆಮೇಲೆ ಗಂಟಿನ ಬಳಿ ಮರ ಕಿತ್ತು ಬರಲು ಶುರುವಾಯಿತು. ಅಲಗನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಬೆಳ್ಳಗೆ ಮಿಂಚುವ ಗೆರೆ: ಅಂಚು ಮಡಚಿಕೊಂಡಿತ್ತು. ಉಕ್ಕು ಮೆದು. ಆ ಮೆದುತನವನ್ನು ಉಜ್ಜಿ ಸರಿ ಮಾಡಲು ಆಗುವುದಿಲ್ಲ.

ತುಕ್ಕು ತೆಗೆಯುವುದರಲ್ಲೂ ಎರಡು ದಾರಿ ನೋಡಿದೆ. ಮೈಯನ್ನು ಕರೆಂಟಿನ ತೊಟ್ಟಿಗೆ ಹಾಕಿದೆ, ಅಲಗು ಮತ್ತು ಹಳೇ ಉಳಿಗಳನ್ನು ವಿನಿಗರ್‌ನಲ್ಲಿ ನೆನೆಸಿದೆ.

ವಿನಿಗರ್ ಸೋಮಾರಿಗಳ ಉಪಾಯ. 5 ಪರ್ಸೆಂಟ್ ಆಮ್ಲದ ಸಾದಾ ವಿನಿಗರ್‌ನಲ್ಲಿ ರಾತ್ರಿ ಮುಳುಗಿಸಿಟ್ಟರೆ ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ ಉದುರುತ್ತದೆ. ಹಲ್ಲುಜ್ಜುವ ಬ್ರಷ್ ಸಾಕು. ಆದರೆ ವಿನಿಗರ್‌ಗೆ ತುಕ್ಕು ಯಾವುದು, ಉಕ್ಕು ಯಾವುದು ಅನ್ನುವ ಭೇದ ಕಡಿಮೆ. ಒಂದು ಉಳಿಯನ್ನು ಮರೆತು ಮೂರು ದಿನ ಬಿಟ್ಟಿದ್ದೆ, ಮೈಯೆಲ್ಲ ತರಿತರಿಯಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಹೊರಗೆ ತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಆಗಲೇ ಒರೆಸಿ ಒಣಗಿಸಿ ಎಣ್ಣೆ ಹಚ್ಚದಿದ್ದರೆ ನೋಡುತ್ತಿದ್ದಂತೆ ಮತ್ತೆ ಕೆಂಪು ಬಣ್ಣ ಹತ್ತುತ್ತದೆ. ಫೋನ್ ಬಂತು ಅಂತ ಎದ್ದು ಹೋದರೆ ಕೆಲಸ ಕೆಟ್ಟಿತು.

ಕರೆಂಟಿನ ದಾರಿಗೆ ತಯಾರಿ ಬೇಕು, ಫಲ ಚೆನ್ನಾಗಿದೆ. ಪ್ಲಾಸ್ಟಿಕ್ ಬಕೆಟ್, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್‌ನ ಹಳೇ ಬ್ಯಾಟರಿ ಚಾರ್ಜರ್. ಹೊಸ ಬಗೆಯ ಚಾರ್ಜರ್‌ಗಳಲ್ಲಿ ಹೆಚ್ಚಿನವು ಎದುರಿಗೆ ಬ್ಯಾಟರಿ ಇಲ್ಲ ಅಂತ ಕರೆಂಟೇ ಕೊಡುವುದಿಲ್ಲ, ಆದ್ದರಿಂದ ಹಳೇದೇ ಬೇಕು. ತುಕ್ಕು ಹಿಡಿದ ಸಾಮಾನಿಗೆ ಮೈನಸ್, ಬೇಡವಾದ ಕಬ್ಬಿಣದ ತುಂಡಿಗೆ ಪ್ಲಸ್, ಒಂದಕ್ಕೊಂದು ತಾಗಬಾರದು. ಉಲ್ಟಾ ಕೊಟ್ಟರೆ ಕರಗುವುದು ನಿಮ್ಮ ಹತ್ತರಿ! ಸಣ್ಣ ಗುಳ್ಳೆಗಳು ಏಳುತ್ತವೆ, ಅದರಲ್ಲಿ ಹೈಡ್ರೋಜನ್ ಇರುತ್ತದೆ. ಹಾಗಾಗಿ ಗಾಳಿ ಆಡುವ ಕಡೆ ಇಡಿ, ಬೆಂಕಿ ಹತ್ತಿರ ಬೇಡ, ಸ್ವಿಚ್ ಆಫ್ ಮಾಡದೆ ಕೈ ಹಾಕಬೇಡಿ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಭಾಗವನ್ನೂ ಮುಳುಗಿಸಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಒಂದು ರಾತ್ರಿಯಲ್ಲಿ ನನ್ನ ಹತ್ತರಿಯ ಮೈ ಶುದ್ಧವಾಯಿತು, ಒಳ್ಳೆಯ ಕಬ್ಬಿಣ ಒಂದು ಚೂರೂ ಹೋಗಲಿಲ್ಲ. ಹೋದದ್ದು ಹಳೇ ಕಪ್ಪು ಬಣ್ಣ, ಅದೂ ಪದರ ಪದರವಾಗಿ ಎದ್ದು ಬಂತು. ಬಣ್ಣ ಉಳಿಯಬೇಕು ಅನ್ನುವವರು ಈ ದಾರಿ ಹಿಡಿಯಬಾರದು. ಅಗಲವಾದ, ಗೂಡು ಮೂಲೆ ಜಾಸ್ತಿ ಇಲ್ಲದ ಸಾಮಾನಿಗೆ ನಾನು ಇದನ್ನೇ ಮಾಡುತ್ತೇನೆ, ಸಣ್ಣಪುಟ್ಟದಕ್ಕೆ ವಿನಿಗರ್.

ಡ್ರಿಲ್ ವಿಷಯಕ್ಕೆ ಬಂದರೆ ಇಲ್ಲೇ ನಾನು ಸರಿಯಾಗಿ ಏಮಾರಿದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ತಂದೆ. ವೈರಿನದು ಒಂದು, 18 ವೋಲ್ಟ್ ಬ್ಯಾಟರಿಯದು ಒಂದು. ವೈರಿನದು ನೋಡಲು ದರಿದ್ರವಾಗಿತ್ತು, ಮೈಮೇಲೆಲ್ಲ ಸಿಮೆಂಟ್. ಬ್ಯಾಟರಿಯದು ಹೊಸದರ ಹಾಗೆಯೇ ಇತ್ತು, ಟ್ರಿಗರ್ ಒತ್ತಿದರೆ ಗುಯ್ ಅಂತ ತಿರುಗಿತು, ಖುಷಿಯಾಗಿ ತಂದೆ.

ಸುಮ್ನೆ ಗಾಳಿಯಲ್ಲಿ ತಿರುಗುವುದಕ್ಕೂ ಮರದೊಳಗೆ ತಿರುಗುವುದಕ್ಕೂ ಇರುವ ವ್ಯತ್ಯಾಸ ಆಮೇಲೆ ಗೊತ್ತಾಯಿತು. ಗಟ್ಟಿ ಮರದಲ್ಲಿ 10 ಮಿ.ಮೀ. ತೂತು ಎಂಟು ಹಾಕುವಷ್ಟರಲ್ಲಿ ನಿಂತಿತು. ಚಾರ್ಜ್ ಮಾಡಿದರೆ ಬೇಗನೆ ತುಂಬಿದ ಹಾಗೆ ತೋರಿಸಿತು, ಮತ್ತೆ ಆರು ತೂತು. 18 ವೋಲ್ಟ್‌ನ ಲಿಥಿಯಂ ಬ್ಯಾಟರಿ ಅಂದರೆ ಒಳಗೆ ಒಂದರ ಹಿಂದೆ ಒಂದು ಜೋಡಿಸಿದ ಐದು ಸೆಲ್ಲು. ಅದರಲ್ಲಿ ಒಂದು ಸೊರಗಿದರೂ ಪೂರ್ತಿ ಬ್ಯಾಟರಿ ಅದರ ಮಟ್ಟಕ್ಕೇ ಇಳಿಯುತ್ತದೆ. ಹೊರಗಿನಿಂದ ಇದನ್ನು ಕಂಡುಹಿಡಿಯುವ ಬಗೆ ಇಲ್ಲ. ಹೊಸ ಬ್ಯಾಟರಿಯ ಬೆಲೆ ವಿಚಾರಿಸಿದೆ, ಇನ್ನು ಸ್ವಲ್ಪ ಹಾಕಿದರೆ ಹೊಸ ಡ್ರಿಲ್ಲೇ ಬರುತ್ತಿತ್ತು.

ವೈರಿನದರಲ್ಲಿ ಹಾಗಿಲ್ಲ. ಅದರ ಕಾಯಿಲೆ ಎಲ್ಲ ಹೊರಗೆ ಹೇಳುತ್ತದೆ. ಪ್ಲಗ್ ಕಿತ್ತು, ಬಿಟ್ ಕಚ್ಚುವ ಮೂತಿ, ಅಂದರೆ ಚಕ್ ಹಿಡಿದು ಅಲ್ಲಾಡಿಸಿ: ಆಡಿದರೆ ಬೇರಿಂಗ್ ಹೋಗಿದೆ. ಓಡಿಸಿ ಹಿಂದಿನ ಗಾಳಿ ಕಿಂಡಿಯಲ್ಲಿ ಇಣುಕಿ: ಸಣ್ಣ ನೀಲಿ ಕಿಡಿ ಇದ್ದರೆ ಸರಿ, ಬೆಂಕಿಯ ಬಳೆಯ ಹಾಗೆ ಸುತ್ತಿದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು ಅಥವಾ ಒಳಗಿನ ಸುರುಳಿ ಸುಟ್ಟಿರಬಹುದು. ಮೂಗಿಗೆ ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ನನ್ನದರಲ್ಲಿ ಬ್ರಷ್ ಮಾತ್ರ ಸವೆದಿತ್ತು. ಹತ್ತು ನಿಮಿಷದ ಕೆಲಸ. ಎರಡು ವರ್ಷದಿಂದ ಓಡುತ್ತಿದೆ, ಸಿಮೆಂಟನ್ನು ಇನ್ನೂ ತೆಗೆದಿಲ್ಲ. ಬ್ಯಾಟರಿ ಡ್ರಿಲ್ ಬೇಕೇ ಬೇಕು ಅಂದರೆ ಹೊಸದನ್ನೇ ತೆಗೆದುಕೊಳ್ಳಿ.

ಗರಗಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಲ್ಲಿನ ತುದಿ ನೀಲಿಗಪ್ಪು ಇರುವ ಈಗಿನ ಗರಗಸ ಮೊದಲ ದಿನದಿಂದಲೇ ಚೆನ್ನಾಗಿ ಕೊಯ್ಯುತ್ತದೆ. ಮೊಂಡಾದರೆ ಎಸೆಯಬೇಕು, ಆ ಹಲ್ಲಿನ ಮೇಲೆ ಅರ ಹತ್ತುವುದೇ ಇಲ್ಲ, ಜಾರುತ್ತದೆ. ಹಳೇದನ್ನು ಮುಮ್ಮೂಲೆ ಅರದಲ್ಲಿ ಎಷ್ಟು ಸಲ ಬೇಕಾದರೂ ಹರಿತ ಮಾಡಬಹುದು, ಆದರೆ ಆ ಕೆಲಸ ಕಲಿಯಲು ನನಗೆ ಎರಡು ಗರಗಸ ಹಾಳು ಮಾಡಬೇಕಾಯಿತು. ತಾಳ್ಮೆ ಇಲ್ಲದವರಿಗೆ ಹೊಸದೇ ಸರಿ. ಹಳೇದು ಕೊಳ್ಳುವಾಗ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಬಾಗಿದ್ದರೆ ಸರಿ ಮಾಡಬಹುದು, ಮಡಿಕೆ ಬಿದ್ದಿದ್ದರೆ ಬೇಡ.

ಮೋಟಾರಿನದೂ ಒಂದು ಮಾತು. ವಾಷಿಂಗ್ ಮಷೀನಿನಿಂದ ಕಿತ್ತದ್ದು ಎರಡು ಬಗೆಯದು ಸಿಕ್ಕಿತು. ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರು 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ, ಸಾಣೆ ಚಕ್ರಕ್ಕೆ ಹೇಳಿ ಮಾಡಿಸಿದ ವೇಗ, ಉಳಿಯ ಹದ ಬೇಗ ಸುಡುವುದಿಲ್ಲ. ಮುಟ್ಟುವ ಮೊದಲು ಅದರ ಕೆಪಾಸಿಟರ್‌ನ ಚಾರ್ಜ್ ಇಳಿಸಬೇಕು, ಅಷ್ಟೇ ಎಚ್ಚರ. ಬ್ರಷ್ ಇರುವುದನ್ನು ಸುಮ್ನೆ ಕರೆಂಟಿಗೆ ಕೊಟ್ಟರೆ ಭಾರ ಇಲ್ಲದೆ ವೇಗ ಏರುತ್ತಲೇ ಹೋಗುತ್ತದೆ. ನನ್ನದು ಮೇಜಿನ ಮೇಲೆ ಕುಣಿಯಲು ಶುರು ಮಾಡಿದಾಗ ಓಡಿಹೋಗಿ ಪ್ಲಗ್ ಕಿತ್ತೆ. ಅದು ಈಗಲೂ ಮೂಲೆಯಲ್ಲಿ ಬಿದ್ದಿದೆ.

ಇನ್ನು ಮರ. ಸರಕು ಹೇರಿ ಸಾಗಿಸುವ ಮರದ ಅಟ್ಟೆ, ಅಂದರೆ ಪ್ಯಾಲೆಟ್ ಹಲಗೆಗೂ ಹಳೇ ಬಾಗಿಲಿನ ಚೌಕಟ್ಟಿಗೂ ಹೋಲಿಸಿದರೆ ಚೌಕಟ್ಟೇ ಗೆಲ್ಲುತ್ತದೆ. ಪ್ಯಾಲೆಟ್‌ನಲ್ಲಿ ಮುದ್ರೆ ನೋಡಬೇಕು. ಎಚ್‌ಟಿ ಅಂತ ಇದ್ದರೆ ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿದೆ ಅಂತ ಅರ್ಥ, ಬಳಸಬಹುದು. ಎಂಬಿ ಅಂತ ಇದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಕೊಟ್ಟದ್ದು, ನಾನು ಮುಟ್ಟುವುದಿಲ್ಲ. ಒಳ್ಳೆಯದೇ ಸಿಕ್ಕರೂ ಕಿತ್ತು ಬಿಡಿಸುವಾಗ ಅರ್ಧ ಹಲಗೆ ಸೀಳುತ್ತವೆ, ಉಳಿದವು ತೆಳ್ಳಗೆ, ಸೊಟ್ಟಗೆ. ಚೌಕಟ್ಟಿನ ಮರ ಎಷ್ಟೋ ವರ್ಷ ಒಣಗಿ ಸ್ಥಿರವಾಗಿರುತ್ತದೆ, ಕೊಯ್ದ ಮೇಲೂ ತಿರುಚಿಕೊಳ್ಳುವುದು ಕಡಿಮೆ. ಅದರ ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಮರಳು ಕಾಗದದಲ್ಲಿ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ.

ಮತ್ತೆ ಮೊಳೆಗಳು. ಆಯಸ್ಕಾಂತ ಆಡಿಸಿ ಹನ್ನೊಂದು ಮೊಳೆ ಕಿತ್ತು, ಮುಗಿಯಿತು ಅಂದುಕೊಂಡು ಹಳೇ ಹತ್ತರಿ ಎಳೆದೆ. ಟಕ್ ಅಂತ ಸದ್ದು. ಮರದಲ್ಲಿ ಒಂದು ಕಡೆ ನೀಲಿಗಪ್ಪು ಕಲೆ ಇತ್ತು, ಕಬ್ಬಿಣಕ್ಕೂ ಮರದ ಒಗರಿಗೂ ಸೇರಿ ಆಗುವ ಕಲೆ, ಅಂದರೆ ಒಳಗೆ ತಲೆ ಮುರಿದ ಮೊಳೆ ಇದೆ ಅಂತ ಮರವೇ ಹೇಳುತ್ತಿತ್ತು. ನಾನು ನೋಡಲಿಲ್ಲ. ಅಲಗಿನ ನಡುವೆ ಒಂದು ಮಿ.ಮೀ. ಆಳದ ಹಲ್ಲು ಬಿತ್ತು. ಹೆರೆದು ಸರಿ ಮಾಡಲು ಇಡೀ ಭಾನುವಾರ ಹೋಯಿತು.

ಅವತ್ತು ಹೊಸ ಹತ್ತರಿಗೆ ಕೆಲಸ ಸಿಕ್ಕಿತು. ಅದರ ಮೆದು ಅಲಗನ್ನು ಬಿಲ್ಲಿನ ಹಾಗೆ ಬಾಗಿಸಿ ಹೆರೆದು, ಬಾಯಿ ಅಗಲ ಮಾಡಿ, ಹಳೇ ಮರದ ಕೊಳಕು ಮೇಲ್ಪದರ ತೆಗೆಯಲು ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ತಳ ಸಪಾಟು ಇಲ್ಲದಿದ್ದರೂ ನಡೆಯುತ್ತದೆ, ಅಂಚು ಮಡಚಿದರೂ ಎರಡು ನಿಮಿಷದ ಸಾಣೆ. ಈಗ ಅದರ ಅಲಗಿನಲ್ಲಿ ಮೂರು ಹಲ್ಲುಗಳಿವೆ. ನಾಲ್ಕನೆಯದು ಬೀಳುವವರೆಗೆ ಹೆರೆಯುವ ಯೋಚನೆ ಇಲ್ಲ.